ಸೊನ್ನೆ ಬೇರೆ, ಇಲ್ಲ ಅನ್ನೋದು ಬೇರೆ

ಬೆಂಗಳೂರಿನಲ್ಲಿ ಪ್ರೋಗ್ರಾಮರ್ ಗೆಳೆಯರ ಕೂಟವೊಂದರಲ್ಲಿ ನಾನು ಆಡಿದ ಮಾತಿನ ಬರಹ ರೂಪ ಇದು. ವಿಷಯ: ಎಐ ಅಸಿಸ್ಟೆಂಟ್‌ಗಳಿಗೆ ರಸ್ಟ್ ಭಾಷೆಯಲ್ಲಿ ಟೂಲ್ ಸರ್ವರ್ (ಅಸಿಸ್ಟೆಂಟ್ ಕೇಳಿದ ಮಾಹಿತಿ ತಂದುಕೊಡುವ ಪ್ರೋಗ್ರಾಂ) ಕಟ್ಟುವುದು. ಅಲ್ಲಿ ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮೂರು ಮಂಡ್ಯದ ಹತ್ತಿರ. ಮಳೆಗಾಲ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಪೇಪರ್ ಬಂದ ಕೂಡಲೇ ನೋಡುವುದು ಒಳಪುಟದ ಒಂದು ಚಿಕ್ಕ ಪಟ್ಟಿಯನ್ನು. ಜಲಾಶಯಗಳ ಮಟ್ಟ. ಗರಿಷ್ಠ ಎಷ್ಟು, ಇವತ್ತು ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು. ಕನ್ನಂಬಾಡಿ ಕಟ್ಟೆ ತುಂಬಿದರೆ ನಾಲೆಗೆ ನೀರು, ನಾಲೆಗೆ ನೀರು ಬಂದರೆ ನಾಟಿ. ಅಪ್ಪನಿಗೆ ಆ ಅಂಕಿಗಳೆಲ್ಲ ಬಾಯಿಪಾಠ.

ಕೆಲವು ವರ್ಷಗಳಿಂದ ನಾನು ಆ ಪಟ್ಟಿಯನ್ನು ದಿನಾ ಒಂದು ಫೈಲಿಗೆ ತುಂಬಿಸುತ್ತ ಬಂದಿದ್ದೇನೆ. ದಿನಕ್ಕೊಂದು ಸಾಲು, ಜಲಾಶಯಕ್ಕೊಂದು ಕಾಲಂ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಎಐ ಅಸಿಸ್ಟೆಂಟ್ ಹಾಕಿಕೊಟ್ಟ ಮೇಲೆ, ಅಪ್ಪ ಕೇಳಿದರೆ ಅದು ನನ್ನ ಫೈಲನ್ನೇ ನೋಡಿ ಉತ್ತರ ಹೇಳಲಿ ಅನಿಸಿತು. ಒಂದು ಸಂಜೆ ಕೂತು ಪೈಥಾನ್‌ನಲ್ಲಿ ಚಿಕ್ಕ ಟೂಲ್ ಸರ್ವರ್ ಬರೆದೆ. ಕೆಲಸ ಮಾಡಿತು. ಅಪ್ಪನಿಗೂ ಖುಷಿಯಾಯಿತು.

ಒಂದು ಭಾನುವಾರ ಅಪ್ಪ ಎಂದಿನಂತೆ ಕೇಳಿದರು, ಕಟ್ಟೆಯಲ್ಲಿ ಇವತ್ತು ಎಷ್ಟು ನೀರಿದೆ ಅಂತ. ಅಸಿಸ್ಟೆಂಟ್ ಉತ್ತರಿಸಿತು: ಇಂದು ಕೆಆರ್‌ಎಸ್ ಮಟ್ಟ 0 ಅಡಿ, ಜಲಾಶಯ ಪೂರ್ತಿ ಖಾಲಿಯಾಗಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕುಡಿಯುವ ನೀರಿಗೆ ತೊಂದರೆಯಾಗಬಹುದು, ಬೆಳೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಅಂತ ಒಳ್ಳೆಯ ಕನ್ನಡದಲ್ಲಿ ಸಲಹೆ ಬೇರೆ ಕೊಟ್ಟಿತು. ಅಪ್ಪ ಫೋನ್ ಮಾಡಿದರು. "ಏನವ್ವಾ, ನೆನ್ನೆ ತಾನೆ ನೂರ ಹದಿನೈದು ಅಡಿ ಇತ್ತಲ್ಲ, ರಾತ್ರೋರಾತ್ರಿ ಬತ್ತೋಯ್ತಾ?"

ಆಗಿದ್ದು ಇಷ್ಟೇ. ಆ ದಿನದ ಅಂಕಿಯನ್ನು ನಾನು ಇನ್ನೂ ತುಂಬಿಸಿರಲಿಲ್ಲ. ಕಾಲಂ ಖಾಲಿ ಇತ್ತು. ಖಾಲಿ ಇದ್ದರೆ 0 ಅಂದುಕೋ ಅಂತ ಕೋಡಿನಲ್ಲಿ ಎಲ್ಲೋ ಬರೆದಿದ್ದೆ. ತಪ್ಪು ನನ್ನದು, ಪೈಥಾನ್‌ದಲ್ಲ. ಆದರೆ ಆ ತಪ್ಪು ಸದ್ದಿಲ್ಲದೆ ಒಳಗೆ ಕೂತಿತ್ತು. ಇವತ್ತಿನ ನನ್ನ ಮಾತೆಲ್ಲ ಆ ಸೊನ್ನೆಯ ಸುತ್ತಲೇ.

ಯಾಕೆ ಅಂದರೆ, ಅದೇ 0 ಒಂದು ವೆಬ್‌ಪೇಜಿನಲ್ಲಿ ಬಂದಿದ್ದರೆ ನೋಡಿದವರು ಏನೋ ಎಡವಟ್ಟಾಗಿದೆ ಅಂತ ಪಕ್ಕಕ್ಕಿಡುತ್ತಿದ್ದರು. ಟೂಲ್ ಸರ್ವರ್ ಕೊಡುವ ಉತ್ತರವನ್ನು ಮೊದಲು ಓದುವುದು ಮನುಷ್ಯ ಅಲ್ಲ, ಮಾಡೆಲ್, ಅಂದರೆ ಅಸಿಸ್ಟೆಂಟ್ ಒಳಗೆ ಕೂತು ಮಾತು ಬರೆಯುವ ಎಐ. ಅದು ಸಾಮಾನ್ಯವಾಗಿ ಕೊಟ್ಟಿದ್ದನ್ನು ನಂಬುತ್ತದೆ. ನಂಬಿ, ಅದರ ಮೇಲೆ ಚೆಂದದ ವಾಕ್ಯ ಕಟ್ಟುತ್ತದೆ. ಬರಿಯ 0 ನೋಡಿದಾಗ ಬರುವ ಅನುಮಾನ ಆ ಚೆಂದದ ವಾಕ್ಯ ಓದಿದಾಗ ಬರುವುದಿಲ್ಲ. ಆದ್ದರಿಂದ ಇಲ್ಲಿ "ಗೊತ್ತಿಲ್ಲ" ಅನ್ನುವುದನ್ನು "ಗೊತ್ತಿಲ್ಲ" ಅಂತಲೇ ಹೇಳಬೇಕು. ಅದನ್ನು ಹೇಳದೆ ಮುಂದೆ ಹೋಗಲು ಬಿಡದ ಭಾಷೆ ಬೇಕು ಅಂತ ನಾನು ರಸ್ಟ್ ಕಡೆ ಬಂದೆ.

ಈಗ ಟೂಲ್ ಸರ್ವರ್ ಅಂದರೇನು ಅಂತ ಸ್ವಲ್ಪ ನೋಡೋಣ. ಇಲ್ಲಿ ಹೊಸಬರೂ ಇದ್ದೀರಿ.

ಮಾಡೆಲ್ ತಾನಾಗಿ ನಿಮ್ಮ ಫೈಲ್ ತೆರೆಯಲಾರದು, ಡೇಟಾಬೇಸ್ ಕೇಳಲಾರದು. ಅದಕ್ಕೆ ಗೊತ್ತಿರುವುದು ಅಕ್ಷರ ಹೊರಹಾಕುವುದು ಮಾತ್ರ. ಮೊದಲೆಲ್ಲ ಪ್ರತಿ ಆ್ಯಪ್‌ನವರು ತಮ್ಮದೇ ರೀತಿಯಲ್ಲಿ ಈ ಜೋಡಣೆ ಮಾಡುತ್ತಿದ್ದರು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅನ್ನುವ ಮುಕ್ತ ಒಪ್ಪಂದವೊಂದನ್ನು ಹೊರತಂದಿತು. ಎಂಸಿಪಿ ಅಂತ ಕರೆಯುತ್ತೇವೆ. ಎಡಿಟರ್‌ಗಳಿಗೂ ಪ್ರೋಗ್ರಾಮಿಂಗ್ ಭಾಷೆಗಳಿಗೂ ನಡುವೆ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಮಾಡಿದ ಕೆಲಸವನ್ನೇ ಇದು ಅಸಿಸ್ಟೆಂಟ್‌ಗಳಿಗೂ ಟೂಲ್‌ಗಳಿಗೂ ನಡುವೆ ಮಾಡುತ್ತದೆ. ಒಂದು ಸಲ ಸರ್ವರ್ ಬರೆದರೆ ಸಾಕು, ಈ ಒಪ್ಪಂದ ಗೊತ್ತಿರುವ ಯಾವ ಆ್ಯಪ್ ಬೇಕಾದರೂ ಬಳಸಬಹುದು.

ಅಪ್ಪನ ಪ್ರಶ್ನೆಯನ್ನೇ ಹಿಡಿದು ಹೋಗೋಣ. ಅಪ್ಪ ಅಸಿಸ್ಟೆಂಟ್ ಆ್ಯಪ್ ತೆರೆಯುತ್ತಾರೆ. ಆ ಆ್ಯಪ್ ನನ್ನ ಸರ್ವರನ್ನು ತನ್ನ ಕೈಕೆಳಗಿನ ಪ್ರೋಸೆಸ್ ಆಗಿ ಶುರು ಮಾಡುತ್ತದೆ. ಇಬ್ಬರ ಮಾತುಕತೆ ಜೇಸನ್ ಆರ್‌ಪಿಸಿ 2.0 ರೂಪದಲ್ಲಿ. ಜೇಸನ್ ಅಂದರೆ ಮಾಹಿತಿಯನ್ನು ಹೆಸರು, ಬೆಲೆ ಅಂತ ಜೋಡಿಸಿ ಬರೆಯುವ ಒಂದು ರೀತಿ. ಆ್ಯಪ್ ಸರ್ವರ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಒಂದು ಸಾಲು ಬರೆಯುತ್ತದೆ, ಸರ್ವರ್ ತನ್ನ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಒಂದು ಸಾಲು ಬರೆಯುತ್ತದೆ. ಮೊದಲು ಪರಿಚಯ: ನಾನು ಇಂಥ ಆವೃತ್ತಿ ಮಾತಾಡುತ್ತೇನೆ, ನೀನು ಯಾವುದು ಅಂತ. ಆವೃತ್ತಿಗೆ ದಿನಾಂಕವೇ ಹೆಸರು, 2025-06-18 ಅನ್ನುವ ಹಾಗೆ. ಆಮೇಲೆ ಆ್ಯಪ್ ಕೇಳುತ್ತದೆ, ನಿನ್ನ ಹತ್ತಿರ ಏನೇನು ಟೂಲ್ ಇವೆ? ಸರ್ವರ್ ಪಟ್ಟಿ ಕೊಡುತ್ತದೆ. ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಯಾವ ಯಾವ ಮಾಹಿತಿ ಕೊಡಬೇಕು ಅನ್ನುವ ಸ್ಕೀಮಾ. ಈ ಪಟ್ಟಿಯನ್ನು ಆ್ಯಪ್ ಮಾಡೆಲ್ ಮುಂದೆ ಇಡುತ್ತದೆ. ಅಪ್ಪ ಪ್ರಶ್ನೆ ಕೇಳಿದಾಗ ಮಾಡೆಲ್ ಅದರಲ್ಲಿ ಒಂದನ್ನು ಆರಿಸಿ, ಇಂಥ ಜಲಾಶಯ, ಇಂಥ ದಿನ ಅಂತ ಬರೆಯುತ್ತದೆ. ಆ್ಯಪ್ ಅದನ್ನು ಸರ್ವರ್‌ಗೆ ದಾಟಿಸಿ, ಬಂದ ಉತ್ತರವನ್ನು ಮತ್ತೆ ಮಾಡೆಲ್‌ಗೆ ಕೊಡುತ್ತದೆ. ಮಾಡೆಲ್ ನಿಮ್ಮ ಸರ್ವರನ್ನು ನೇರವಾಗಿ ಮುಟ್ಟುವುದೇ ಇಲ್ಲ. ಮಧ್ಯದಲ್ಲಿ ಆ್ಯಪ್ ಇದೆ. ಇದೊಂದು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸರಿ, ರಸ್ಟ್ ಯಾಕೆ? ಕೇಳಿದ ತಕ್ಷಣ ಎಲ್ಲರೂ ಹೇಳುವುದು ಎರಡು ಕಾರಣ. ವೇಗ, ಮತ್ತೆ ಮೆಮೊರಿ ಸುರಕ್ಷತೆ, ಅಂದರೆ ಪ್ರೋಗ್ರಾಂ ಮುಟ್ಟಬಾರದ ಮೆಮೊರಿಯನ್ನು ಮುಟ್ಟದಂತೆ ತಡೆಯುವುದು. ನನ್ನ ಅಭಿಪ್ರಾಯದಲ್ಲಿ ಇಂಥ ಸರ್ವರ್‌ಗೆ ಇವೆರಡೂ ಮುಖ್ಯ ಕಾರಣ ಅಲ್ಲ. ಮಾಡೆಲ್ ಯೋಚಿಸಿ ಉತ್ತರ ಬರೆಯಲು ಸೆಕೆಂಡುಗಳು ಹಿಡಿಯುತ್ತವೆ. ನಿಮ್ಮ ಟೂಲ್ 40 ಮಿಲಿಸೆಕೆಂಡ್ ಬದಲು 2 ಮಿಲಿಸೆಕೆಂಡ್‌ನಲ್ಲಿ ಮುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಮೆಮೊರಿ ಸುರಕ್ಷತೆ. ಆ ವಾದ ಸಿ ಮತ್ತು ಸಿ ಪ್ಲಸ್ ಪ್ಲಸ್ ಎದುರಿಗೆ ಬಹಳ ಗಟ್ಟಿ. ಆಂಡ್ರಾಯ್ಡ್‌ನಲ್ಲಿ ಮೆಮೊರಿಗೆ ಸಂಬಂಧಿಸಿದ ಭದ್ರತಾ ದೋಷಗಳ ಪಾಲು 2019ರಲ್ಲಿ ಶೇ 76 ಇದ್ದದ್ದು 2024ರಲ್ಲಿ ಶೇ 24ಕ್ಕೆ ಇಳಿಯಿತು ಅಂತ ಗೂಗಲ್ ಹೇಳಿದೆ. ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆದಿದ್ದರ ಫಲ ಅದು. ಆದರೆ ಟೂಲ್ ಸರ್ವರನ್ನು ಸಾಮಾನ್ಯವಾಗಿ ಸಿಯಲ್ಲಿ ಬರೆಯುವುದಿಲ್ಲ. ಪೈಥಾನ್ ಇಲ್ಲವೇ ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆಯುತ್ತಾರೆ. ಆ ಭಾಷೆಗಳಲ್ಲೂ ಆ ಥರದ ದೋಷ ಸುಲಭಕ್ಕೆ ಬರುವುದಿಲ್ಲ.

ನನಗೆ ರಸ್ಟ್ ಬೇಕಾದದ್ದು ಅದರ ಟೈಪ್‌ಗಳಿಗೆ, ಅಂದರೆ ಒಂದೊಂದು ಮಾಹಿತಿ ಯಾವ ಬಗೆಯದು ಅಂತ ಹೇಳುವ ಗುರುತುಗಳಿಗೆ. ರಸ್ಟ್‌ನಲ್ಲಿ ನಲ್ ಇಲ್ಲ, ಅಂದರೆ ಯಾವ ಬೆಲೆಯ ಜಾಗದಲ್ಲಾದರೂ ಸದ್ದಿಲ್ಲದೆ ಕೂರಬಲ್ಲ "ಖಾಲಿ" ಇಲ್ಲ. ಒಂದು ಅಂಕಿ ಇರಬಹುದು, ಇಲ್ಲದೆಯೂ ಇರಬಹುದು ಅಂತಾದರೆ ಅದರ ಟೈಪೇ ಬೇರೆ. ಆಪ್ಷನ್ ಅಂತ ಕರೆಯುತ್ತಾರೆ. ಒಳಗೆ ಒಂದೋ ಸಮ್ (Some, ಅಂಕಿ ಇದೆ) ಇರುತ್ತದೆ, ಇಲ್ಲ ನನ್ (None, ಏನೂ ಇಲ್ಲ) ಇರುತ್ತದೆ. ಅದನ್ನು ಬಿಚ್ಚಿ ನೋಡದೆ ಅಂಕಿಯ ಹಾಗೆ ಬಳಸಲು ಕಂಪೈಲರ್ (ನಾವು ಬರೆದ ಕೋಡನ್ನು ಪರೀಕ್ಷಿಸಿ ಓಡಬಲ್ಲ ಪ್ರೋಗ್ರಾಂ ಮಾಡಿಕೊಡುವ ಸಾಧನ) ಬಿಡುವುದಿಲ್ಲ. ನಾನು ಸರ್ವರನ್ನು ರಸ್ಟ್‌ನಲ್ಲಿ ಮತ್ತೆ ಬರೆದಾಗ, ಫೈಲಿನ ಮಟ್ಟದ ಕಾಲಂ ಆಪ್ಷನ್ ಅಂತ ಹೇಳಿದ ಮರುಕ್ಷಣ ಕಂಪೈಲ್ ನಿಂತುಹೋಯಿತು. ಉತ್ತರ ಬರೆಯುವ ಜಾಗದಲ್ಲಿ, ನನ್ ಆದರೆ ಏನು ಮಾಡುತ್ತೀಯ ಅಂತ ಕೇಳಿತು. ಆಗ ಮೊದಲ ಸಲ ನಾನು ಆ ಪ್ರಶ್ನೆಯನ್ನು ನಿಜವಾಗಿ ಯೋಚಿಸಿದೆ. ಯೋಚಿಸಿ ಬರೆದ ಉತ್ತರ: "ಈ ದಿನದ ಅಂಕಿ ಇನ್ನೂ ದಾಖಲಾಗಿಲ್ಲ. ಕೊನೆಯದಾಗಿ ದಾಖಲಾದದ್ದು ಇಂಥ ದಿನ, ಇಷ್ಟು ಅಡಿ. ಇದನ್ನು ಇವತ್ತಿನ ಮಟ್ಟ ಅಂತ ಹೇಳಬೇಡಿ." ಆ ಕೊನೆಯ ವಾಕ್ಯ ಮಾಡೆಲ್‌ಗೆ.

ಇದೇ ದಾರಿಯಲ್ಲಿ ಇನ್ನೊಂದು ಸಿಕ್ಕಿತು. ಅಳತೆಯ ಗೊಂದಲ. ಪೇಪರಿನ ಪಟ್ಟಿ ನೋಡಿದವರಿಗೆ ಗೊತ್ತು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ತುಂಗಭದ್ರಾದ್ದು 1633 ಅಡಿ, ಅದು ಸಮುದ್ರ ಮಟ್ಟದಿಂದ. ಆಲಮಟ್ಟಿಯದ್ದು 519.60, ಆದರೆ ಅದು ಮೀಟರ್. ಒಂದೇ ಪಟ್ಟಿ, ಮೂರು ಥರದ ಲೆಕ್ಕ. ನಮ್ಮ ಜನಕ್ಕೆ ಇದು ಅಭ್ಯಾಸ. ಕನ್ನಂಬಾಡಿ ನೂರಿಪ್ಪತ್ತು ದಾಟಿತು ಅಂದರೆ ಸಾಕು, ಅರ್ಥವಾಗುತ್ತದೆ. ಮಾಡೆಲ್‌ಗೆ ಬರಿಯ ಸಂಖ್ಯೆ ಕೊಟ್ಟು, ಯಾವ ಜಲಾಶಯ ಜಾಸ್ತಿ ತುಂಬಿದೆ ಅಂತ ಕೇಳಿದರೆ? 1610, 505, 118 ಅಂತ ಮೂರು ಸಂಖ್ಯೆ ನೋಡಿ ತುಂಗಭದ್ರಾ ಅಂದುಬಿಡಬಹುದು.

ರಸ್ಟ್‌ನಲ್ಲಿ ಅಡಿಗೆ ಒಂದು ಟೈಪ್, ಮೀಟರ್‌ಗೆ ಒಂದು ಟೈಪ್ ಮಾಡಿದೆ. ಒಳಗೆ ಇಬ್ಬರಲ್ಲೂ ಇರುವುದು ಅದೇ ದಶಮಾಂಶ ಸಂಖ್ಯೆ. ಓಡುವಾಗ ಯಾವ ಹೆಚ್ಚುವರಿ ಖರ್ಚೂ ಇಲ್ಲ. ಆದರೆ ಅಡಿಯನ್ನು ಮೀಟರ್‌ಗೆ ಹೋಲಿಸಲು ಹೋದರೆ ಕಂಪೈಲ್ ಆಗುವುದಿಲ್ಲ. ತುಂಬಿದ ಪ್ರಮಾಣ ಹೋಲಿಸಬೇಕು ಅಂದರೆ ಸಂಗ್ರಹದ ಲೆಕ್ಕ ಬೇಕು. ಕೆಆರ್‌ಎಸ್‌ನ ಸಾಮರ್ಥ್ಯ 49.45 ಟಿಎಂಸಿ, ಆಲಮಟ್ಟಿಯದ್ದು 123.08 ಟಿಎಂಸಿ. ಈಗಿನ ಸಂಗ್ರಹ ಅದರಲ್ಲಿ ಶೇಕಡ ಎಷ್ಟು ಅನ್ನುವುದನ್ನು ಸರ್ವರೇ ಲೆಕ್ಕ ಹಾಕಿ ಕೊಡುತ್ತದೆ. ಕೂಡಿ ಕಳೆಯುವ ಕೆಲಸವನ್ನು ಮಾಡೆಲ್‌ಗೆ ಬಿಡಬೇಡಿ. ನಿಮ್ಮ ಕೋಡಿಗೆ ಅದು ಸುಲಭ, ಮತ್ತೆ ಪ್ರತಿ ಸಲವೂ ಒಂದೇ ಉತ್ತರ ಬರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಎಂಸಿಪಿಗೆ ರಸ್ಟ್‌ನಲ್ಲಿ ಅಧಿಕೃತ ಲೈಬ್ರರಿ ಇದೆ, ಆರ್‌ಎಂಸಿಪಿ ಅಂತ. ಒಂದು ಸಾಮಾನ್ಯ ಫಂಕ್ಷನ್ ಬರೆದು ಅದರ ತಲೆಯ ಮೇಲೆ ಟೂಲ್ ಅಂತ ಗುರುತು ಹಾಕಿದರೆ ಅದು ಟೂಲ್ ಆಗುತ್ತದೆ. ಅದಕ್ಕೆ ಬರುವ ಮಾಹಿತಿಯನ್ನು ಒಂದು ಸ್ಟ್ರಕ್ಟ್ (ಹೆಸರಿಟ್ಟ ಖಾನೆಗಳ ಗುಂಪು) ಆಗಿ ಬರೆಯುತ್ತೀರಿ. ಜೇಸನ್‌ನಿಂದ ಆ ಸ್ಟ್ರಕ್ಟ್ ತುಂಬಿಸುವುದು ಸರ್ಡೆ ಲೈಬ್ರರಿಯ ಕೆಲಸ. ಅದೇ ಸ್ಟ್ರಕ್ಟ್ ನೋಡಿ ಮಾಡೆಲ್‌ಗೆ ತೋರಿಸುವ ಸ್ಕೀಮಾ ಬರೆಯುವುದು ಸ್ಕೀಮಾರ್ಸ್ ಲೈಬ್ರರಿಯ ಕೆಲಸ. ಅಂದರೆ ನಾವು ಮಾಡೆಲ್‌ಗೆ ಹೇಳುವುದೂ, ನಮ್ಮ ಕೋಡ್ ನಿಜವಾಗಿ ಒಪ್ಪುವುದೂ ಒಂದೇ ಜಾಗದಿಂದ ಹುಟ್ಟುತ್ತವೆ. ಹೇಳುವುದೊಂದು ಮಾಡುವುದೊಂದು ಆಗುವುದಿಲ್ಲ.

ಜಲಾಶಯದ ಹೆಸರನ್ನು ನಾನು ಈನಮ್ (ಇಂತಿಷ್ಟೇ ಆಯ್ಕೆಗಳಿರುವ ಟೈಪ್) ಮಾಡಿದ್ದೇನೆ. ಆಗ ಸ್ಕೀಮಾದಲ್ಲಿ ಹೆಸರುಗಳ ಪಟ್ಟಿಯೇ ಬರುತ್ತದೆ. ಈ ಪಟ್ಟಿಯಲ್ಲಿ ಒಂದನ್ನು ಆರಿಸು ಅಂತ ಮಾಡೆಲ್‌ಗೆ ಸ್ಪಷ್ಟವಾಗುತ್ತದೆ. ಆದರೂ ಅಪ್ಪ ಕೆಆರ್‌ಎಸ್ ಅನ್ನುವುದಿಲ್ಲ, ಕನ್ನಂಬಾಡಿ ಅನ್ನುತ್ತಾರೆ. ಅಕ್ಕ ಕೃಷ್ಣರಾಜಸಾಗರ ಅನ್ನುತ್ತಾಳೆ. ಮಾಡೆಲ್ ಕೆಲವು ಸಲ ಕೇಳಿದ ಹೆಸರನ್ನೇ ಹಾಗೇ ದಾಟಿಸುತ್ತದೆ. ಸರ್ಡೆಯಲ್ಲಿ ಏಲಿಯಾಸ್ ಅಂತ ಒಂದು ಗುರುತಿದೆ. ಅದರಲ್ಲಿ ಈ ಹೆಸರುಗಳನ್ನೆಲ್ಲ ಬರೆದುಬಿಟ್ಟರೆ ಯಾವುದು ಬಂದರೂ ಒಂದೇ ಕಟ್ಟೆ.

ಇನ್ನೊಂದು ವಿಷಯ ಕೇಳಿ. ರಸ್ಟ್‌ನಲ್ಲಿ ಮೂರು ಓರೆಗೆರೆ ಹಾಕಿ ಬರೆದ ಕಾಮೆಂಟ್‌ಗೆ ದಾಖಲೆಯ ಕಾಮೆಂಟ್ ಅನ್ನುತ್ತೇವೆ. ಸ್ಟ್ರಕ್ಟ್‌ನ ಒಳಗೆ ಬರೆದ ಅಂಥ ಕಾಮೆಂಟನ್ನು ಸ್ಕೀಮಾರ್ಸ್ ಎತ್ತಿಕೊಂಡು ಸ್ಕೀಮಾದ ವಿವರಣೆಗೆ ಹಾಕುತ್ತದೆ. ಅಂದರೆ ನಿಮ್ಮ ಕಾಮೆಂಟನ್ನು ಮಾಡೆಲ್ ಓದುತ್ತದೆ. ದಿನಾಂಕದ ಮೇಲೆ ನಾನು ಮೊದಲು ಬರೆದಿದ್ದ ಕಾಮೆಂಟ್ "ದಿನಾಂಕ" ಅಂತ ಒಂದೇ ಪದ. ಅದರಿಂದ ಯಾರಿಗೆ ಏನು ಉಪಯೋಗ? ಈಗ ಅಲ್ಲಿ ಹೀಗಿದೆ: "ಯಾವ ದಿನದ ಮಟ್ಟ ಬೇಕು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ಉದಾಹರಣೆಗೆ 2025-07-14. ಇವತ್ತಿನದು ಬೇಕಾದರೆ ಖಾಲಿ ಬಿಡಿ." ಕಾಮೆಂಟ್ ಬರೆಯಲು ಸೋಮಾರಿತನ ಮಾಡುತ್ತಿದ್ದ ನಾನು ಈಗ ಒಂದೊಂದು ಸಾಲಿಗೂ ಹೊತ್ತು ಕೊಡುತ್ತೇನೆ. ಒಂದು ಪದ ಬದಲಾಯಿಸಿದರೆ ಮಾಡೆಲ್ ಟೂಲ್ ಬಳಸುವ ರೀತಿ ಬದಲಾಗುವುದನ್ನು ಕಣ್ಣಾರೆ ನೋಡಿದ್ದೇನೆ.

ತಪ್ಪುಗಳ ವಿಷಯಕ್ಕೆ ಬರೋಣ. ಎಂಸಿಪಿಯಲ್ಲಿ ಎರಡು ಥರದ ತಪ್ಪು ಇವೆ. ಒಂದು ಪ್ರೋಟೊಕಾಲ್ ಮಟ್ಟದ್ದು: ಇಲ್ಲದ ಟೂಲ್ ಕರೆದರು, ಜೇಸನ್ ಹರಿದಿದೆ, ಹೀಗೆ. ಇದಕ್ಕೆ ಕೋಡ್ ಸಂಖ್ಯೆ ಇರುತ್ತದೆ, ಇದನ್ನು ನೋಡುವುದು ಮುಖ್ಯವಾಗಿ ಆ್ಯಪ್. ಇನ್ನೊಂದು ಟೂಲ್ ಒಳಗಿನದ್ದು: ಟೂಲ್ ಓಡಿತು, ಆದರೆ ಕೆಲಸ ಆಗಲಿಲ್ಲ. ಇದು ಮಾಮೂಲಿ ಉತ್ತರದ ಹಾಗೇ ಹೋಗುತ್ತದೆ, ತಪ್ಪಾಗಿದೆ ಅಂತ ಒಂದು ಗುರುತು ಜೊತೆಗಿರುತ್ತದೆ. ಇದನ್ನು ಮಾಡೆಲ್ ಓದುತ್ತದೆ, ಓದಿ ತಿದ್ದಿಕೊಳ್ಳುತ್ತದೆ.

ನನ್ನ ಸರ್ವರ್‌ಗೆ ಒಂದು ಸಲ 14/7/25 ಅಂತ ದಿನಾಂಕ ಬಂತು. ಮೊದಲಿನ ಆವೃತ್ತಿಯಲ್ಲಿ ಪ್ರೋಟೊಕಾಲ್ ತಪ್ಪು ಅಂತ ಎಸೆಯುತ್ತಿದ್ದೆ. ಟೂಲ್ ಕೆಲಸ ಮಾಡುತ್ತಿಲ್ಲ ಅಂತ ಮಾಡೆಲ್ ಅಪ್ಪನಿಗೆ ಹೇಳಿ ಕೈಚೆಲ್ಲಿತು. ಈಗ ದಿನಾಂಕವನ್ನು ಸುಮ್ನೆ ಅಕ್ಷರಗಳಾಗಿ ತೆಗೆದುಕೊಂಡು ನಾನೇ ಪರೀಕ್ಷಿಸುತ್ತೇನೆ. ಸರಿ ಇಲ್ಲದಿದ್ದರೆ ಟೂಲ್ ತಪ್ಪು ಅಂತ ಕಳಿಸುತ್ತೇನೆ: "14/7/25 ಅರ್ಥವಾಗಲಿಲ್ಲ. 2025-07-14 ರೂಪದಲ್ಲಿ ಕೊಡಿ." ಮಾಡೆಲ್ ಮರುಕ್ಷಣವೇ ಸರಿ ಮಾಡಿ ಮತ್ತೆ ಕೇಳುತ್ತದೆ. ಅಪ್ಪನಿಗೆ ಇದು ಗೊತ್ತೂ ಆಗುವುದಿಲ್ಲ. 2025ರ ನವೆಂಬರ್‌ನ ಆವೃತ್ತಿಯಲ್ಲಿ ಇದನ್ನೇ ಸ್ಪಷ್ಟವಾಗಿ ಬರೆದಿದ್ದಾರೆ, ಕೊಟ್ಟ ಮಾಹಿತಿ ಸರಿ ಇಲ್ಲದಿದ್ದರೆ ಅದು ಟೂಲ್ ತಪ್ಪಾಗಿ ಹೋಗಲಿ, ಮಾಡೆಲ್ ತಿದ್ದಿಕೊಳ್ಳಲಿ ಅಂತ.

ರಸ್ಟ್‌ನಲ್ಲಿ ಸೋಲಬಹುದಾದ ಫಂಕ್ಷನ್ ರಿಸಲ್ಟ್ ಕೊಡುತ್ತದೆ, ಒಳಗೆ ಒಂದೋ ಉತ್ತರ, ಇಲ್ಲ ತಪ್ಪು. ಏನೇನು ಥರ ಸೋಲಬಹುದು ಅಂತ ನಾನು ಒಂದು ಈನಮ್‌ನಲ್ಲಿ ಬರೆದಿದ್ದೇನೆ: ಫೈಲ್ ಸಿಗಲಿಲ್ಲ, ದಿನಾಂಕ ತಪ್ಪು, ಆ ದಿನದ ಸಾಲೇ ಇಲ್ಲ, ಸಾಲು ಇದೆ ಆದರೆ ಮಟ್ಟ ಇಲ್ಲ. ಒಂದೊಂದಕ್ಕೂ ಏನು ಹೇಳಬೇಕು ಅಂತ ಮ್ಯಾಚ್‌ನಲ್ಲಿ (ಪ್ರತಿ ಆಯ್ಕೆಗೂ ಏನು ಮಾಡಬೇಕೆಂದು ಹೇಳುವ ಜಾಗ) ಬರೆಯಬೇಕು. ನಾಳೆ ಐದನೆಯದನ್ನು ಸೇರಿಸಿ, ಅದಕ್ಕೆ ಮಾತು ಬರೆಯುವುದನ್ನು ಮರೆತರೆ ಕಂಪೈಲರ್ ಬಿಡುವುದಿಲ್ಲ. ನಾನು ಮರೆಯುವ ಸ್ವಭಾವದವಳು. ನನಗೆ ಇಂಥ ಜೊತೆಗಾರ ಬೇಕು.

ಈಗ ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ. ಸರ್ವರ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್ ಅಂದರೆ ಆ್ಯಪ್ ಜೊತೆ ಮಾತಾಡುವ ತಂತಿ ಅಂತ ಹೇಳಿದೆ, ಅಲ್ವಾ? ಆ ತಂತಿಯ ಮೇಲೆ ಎಂಸಿಪಿ ಸಂದೇಶ ಬಿಟ್ಟು ಬೇರೆ ಒಂದು ಅಕ್ಷರವೂ ಹೋಗಬಾರದು. ನಾವೇನು ಮಾಡುತ್ತೇವೆ? ಏನೋ ಸರಿ ಇಲ್ಲ ಅನಿಸಿದ ಕೂಡಲೇ "ಇಲ್ಲಿಗೆ ಬಂದೆ" ಅಂತ ಬರೆದು ತೋರಿಸುವ ಒಂದು ಪ್ರಿಂಟ್‌ಲೈನ್ ಹಾಕುತ್ತೇವೆ. ಅದು ನೇರ ಆ ತಂತಿಗೇ ಹೋಗುತ್ತದೆ. ಆ್ಯಪ್ ಅದನ್ನು ಜೇಸನ್ ಅಂತ ಓದಲು ಹೋಗಿ ಸೋಲುತ್ತದೆ, ಸಂಪರ್ಕ ಕಡಿದುಕೊಳ್ಳಬಹುದು. ಪ್ರಿಂಟ್ ತೆಗೆದರೆ ಸರಿಹೋಗುತ್ತದೆ, ತಪ್ಪು ಹುಡುಕಲು ಮತ್ತೆ ಹಾಕಿದರೆ ಮತ್ತೆ ಕೆಡುತ್ತದೆ. ನನ್ನ ಒಂದಿಡೀ ಮಧ್ಯಾಹ್ನ ಹೀಗೇ ಹೋಗಿದೆ. ಲಾಗ್ (ಸರ್ವರ್ ಒಳಗೆ ಏನಾಯಿತು ಅನ್ನುವ ದಾಖಲೆ) ಎಲ್ಲ ಸ್ಟ್ಯಾಂಡರ್ಡ್ ಎರರ್ ಅನ್ನುವ ಬೇರೆ ತಂತಿಗೆ ಹೋಗಬೇಕು. ಲಾಗ್ ಬರೆಯಲು ಟ್ರೇಸಿಂಗ್ ಲೈಬ್ರರಿ ಬಳಸುವುದಾದರೆ ಅದರ ಬರಹ ಎರರ್ ಕಡೆ ಹೋಗುವಂತೆ ಶುರುವಿನಲ್ಲೇ ಹೇಳಿಬಿಡಿ. ಅದಕ್ಕಿಂತ ಒಳ್ಳೆಯದು, ರಸ್ಟ್ ಕೋಡನ್ನು ಪರಿಶೀಲಿಸುವ ಕ್ಲಿಪ್ಪಿ ಅನ್ನುವ ಸಾಧನದಲ್ಲಿ ಪ್ರಿಂಟ್ ಸ್ಟ್ಡ್‌ಔಟ್ ಅನ್ನುವ ಲಿಂಟ್ (ಪರಿಶೀಲನೆಯ ನಿಯಮ) ಇದೆ. ಅದನ್ನು ಡಿನೈ (ನಿಷೇಧ) ಮಾಡಿಟ್ಟರೆ ನಿಮ್ಮ ಕೋಡಿನಲ್ಲಿ ಎಲ್ಲಿ ಪ್ರಿಂಟ್‌ಲೈನ್ ಹಾಕಿದರೂ ಕ್ಲಿಪ್ಪಿ ಹಿಡಿಯುತ್ತದೆ.

ಇನ್ನೊಂದು ಗುಂಡಿ ಇದೆ. ಅದು ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಬೇಗ ಸಿಗುತ್ತದೆ. ಇಂಗ್ಲಿಷ್‌ನಲ್ಲೇ ಪರೀಕ್ಷೆ ಮಾಡುವವರಿಗೆ ಸಿಗುವುದೇ ಇಲ್ಲ.

ಟೂಲ್ ತುಂಬ ಉದ್ದದ ಉತ್ತರ ಕೊಡಬಾರದು. ಮಾಡೆಲ್‌ನ ನೆನಪಿನ ಜಾಗ ತುಂಬಿಹೋಗುತ್ತದೆ. ಅದರಲ್ಲೂ ಕನ್ನಡ ಬರಹ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ (ಮಾಡೆಲ್ ಬರಹವನ್ನು ಒಡೆದು ಓದುವ ಚೂರುಗಳು) ತಿನ್ನುತ್ತದೆ. ಹಾಗಾಗಿ ಪ್ರತಿ ದಿನದ ಅಂಕಿಯ ಜೊತೆ ಇರುವ ಟಿಪ್ಪಣಿಯನ್ನು ನಾನು 1000 ಬೈಟ್‌ಗೆ ಕತ್ತರಿಸುತ್ತಿದ್ದೆ. ಇಂಗ್ಲಿಷ್ ಟಿಪ್ಪಣಿ ಇದ್ದಾಗ ಏನೂ ತೊಂದರೆ ಇಲ್ಲ. ಒಂದು ದಿನ ಉದ್ದದ ಕನ್ನಡ ಟಿಪ್ಪಣಿ ಬಂತು, ಉತ್ತರವೇ ಇಲ್ಲ. ಆ್ಯಪ್ ಕಾಯುತ್ತ ಕೂತಿತು. ಲಾಗ್ ನೋಡಿದರೆ ಪ್ಯಾನಿಕ್, ಅಂದರೆ ರಸ್ಟ್ ಕೆಲಸವನ್ನು ಅಲ್ಲೇ ನಿಲ್ಲಿಸಿಬಿಟ್ಟಿದೆ: 1000ನೇ ಬೈಟ್ ಅಕ್ಷರದ ಗಡಿ ಅಲ್ಲ.

ವಿಷಯ ಏನಪ್ಪಾ ಅಂದರೆ, ರಸ್ಟ್‌ನ ಸ್ಟ್ರಿಂಗ್ (ಬರಹ) ಯಾವಾಗಲೂ ಯುಟಿಎಫ್ 8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ರೀತಿ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. "ಕನ್ನಡ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಯೂನಿಕೋಡ್‌ನಲ್ಲಿ ಐದು ಚಿಹ್ನೆ: ಕ, ನ, ಒತ್ತಕ್ಷರ ಕೂಡಿಸುವ ವಿರಾಮದ ಗುರುತು (್), ಇನ್ನೊಂದು ನ, ಡ. ಬೈಟ್ ಲೆಕ್ಕದಲ್ಲಿ 15. ಇದನ್ನು 4ನೇ ಬೈಟ್‌ನಲ್ಲಿ ಕತ್ತರಿಸಿದರೆ ನ ಅನ್ನುವುದರ ಹೊಟ್ಟೆ ಸೀಳಿದ ಹಾಗೆ. ರಸ್ಟ್ ಅದಕ್ಕೆ ಒಪ್ಪುವುದಿಲ್ಲ, ಪ್ಯಾನಿಕ್ ಆಗುತ್ತದೆ. ಹಾಗಾದರೆ 6ನೇ ಬೈಟ್‌ನಲ್ಲಿ ಕತ್ತರಿಸೋಣ ಅಂದರೆ ರಸ್ಟ್ ಒಪ್ಪುತ್ತದೆ, ಆದರೆ ಉಳಿಯುವುದು "ಕನ". ಒತ್ತಕ್ಷರ ಹೋಗಿ ಬೇರೆಯೇ ಪದ! ಮಾಡೆಲ್ ಅದನ್ನೇ ನಂಬಿ ಅರ್ಥ ಮಾಡಲು ಹೊರಡುತ್ತದೆ.

ನಾನು ಈಗ ಬೈಟ್ ಲೆಕ್ಕದಲ್ಲಿ ಕತ್ತರಿಸುವುದನ್ನೇ ಬಿಟ್ಟಿದ್ದೇನೆ. ಮಿತಿಯ ಒಳಗೆ ಬರುವ ಕೊನೆಯ ಪದದ ಸಂದು ಹುಡುಕಿ ಅಲ್ಲಿ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ "ಇನ್ನೂ ಇದೆ, ಪೂರ್ತಿ ಬೇಕಾದರೆ ಟಿಪ್ಪಣಿ ಟೂಲ್ ಕರೆಯಿರಿ" ಅಂತ ಸೇರಿಸುತ್ತೇನೆ. ಕ್ಲಿಪ್ಪಿಯಲ್ಲಿ, ಹೀಗೆ ಬೈಟ್ ಲೆಕ್ಕದಲ್ಲಿ ಕತ್ತರಿಸುವುದನ್ನು ಹಿಡಿಯುವ ಸ್ಟ್ರಿಂಗ್ ಸ್ಲೈಸ್ ಅನ್ನುವ ಲಿಂಟ್ ಕೂಡ ಇದೆ, ಅದನ್ನೂ ಆನ್ ಮಾಡಿಡಿ. ಮತ್ತೆ ದಯವಿಟ್ಟು, ನಿಮ್ಮ ಪರೀಕ್ಷೆಗಳಲ್ಲಿ ಒಂದಾದರೂ ಕನ್ನಡದ್ದಿರಲಿ. ಒತ್ತಕ್ಷರ ಇರುವಂಥದ್ದು. ನಮ್ಮ ಭಾಷೆಯ ಬರಹ ಒಡೆಯದೆ ದಾಟಬೇಕು ಅಂದರೆ ಅದನ್ನು ನಾವೇ ನೋಡಿಕೊಳ್ಳಬೇಕು.

ಭದ್ರತೆ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಇಲ್ಲಿ ರಸ್ಟ್ ನಿಮ್ಮನ್ನು ತಾನಾಗಿ ಕಾಪಾಡುವುದಿಲ್ಲ. ಒಂದು ಫೋಲ್ಡರ್ ಒಳಗಿನ ಫೈಲ್ ಮಾತ್ರ ಓದಲು ಬಿಡುವ ಟೂಲ್ ಅಂದುಕೊಳ್ಳಿ. ಫೋಲ್ಡರ್ ಹೆಸರು "ಮನೆ". ಕೇಳಿದ ದಾರಿ "ಮನೆ" ಅಂತ ಶುರುವಾಗುತ್ತದಾ ಅಂತ ಅಕ್ಷರ ಹೋಲಿಸಿದರೆ ಸಾಕಾ? ಪಕ್ಕದಲ್ಲಿ "ಮನೆಪತ್ರ" ಅಂತ ಇನ್ನೊಂದು ಫೋಲ್ಡರ್ ಇದ್ದರೆ ಅದೂ ಒಳಗೆ ಬಂದುಬಿಡುತ್ತದೆ. ಎಂಸಿಪಿ ಯೋಜನೆಯ ಮಾದರಿ ಫೈಲ್ ಸರ್ವರ್‌ನಲ್ಲೇ 2025ರಲ್ಲಿ ಇಂಥದ್ದೇ ದೋಷ ಸಿಕ್ಕಿತ್ತು, ಆಮೇಲೆ ಸರಿಪಡಿಸಿದರು. ರಸ್ಟ್‌ನಲ್ಲಿ ಫೈಲಿನ ದಾರಿಗೆಂದೇ ಪಾತ್ ಅನ್ನುವ ಟೈಪ್ ಇದೆ. ಅದರ ಸ್ಟಾರ್ಟ್ಸ್ ವಿತ್ ಅಕ್ಷರ ಅಕ್ಷರ ಹೋಲಿಸುವುದಿಲ್ಲ, ಫೋಲ್ಡರ್ ಫೋಲ್ಡರ್ ಹೋಲಿಸುತ್ತದೆ. ಅದನ್ನು ಬಳಸಿ. ಆದರೆ ಅದಕ್ಕೂ ಮೊದಲು ಕ್ಯಾನೊನಿಕಲೈಸ್ ಮಾಡಿ, ಸಿಂಬಾಲಿಕ್ ಲಿಂಕ್‌ಗಳ (ಬೇರೆ ಜಾಗಕ್ಕೆ ಕೈತೋರಿಸುವ ಫೈಲ್‌ಗಳ) ಬೆನ್ನು ಹತ್ತಿ ನಿಜವಾದ ಜಾಗ ತಿಳಿದುಕೊಳ್ಳಿ. ದಾರಿಯನ್ನು ಸ್ಟ್ರಿಂಗ್ ಆಗಿ ಬದಲಾಯಿಸಿ ಹೋಲಿಸಿದಿರೋ, ಮತ್ತೆ ಹಳೇ ಗುಂಡಿ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಮಾಡೆಲ್‌ಗೆ ಓದಲು ಕೊಟ್ಟ ಬರಹದೊಳಗೇ ಯಾರಾದರೂ ಅಪ್ಪಣೆ ಬಚ್ಚಿಟ್ಟಿದ್ದರೆ, ಮಾಡೆಲ್ ಅದನ್ನು ಪಾಲಿಸಬಹುದು. ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ, 2022ರಲ್ಲಿ ಸೈಮನ್ ವಿಲಿಸನ್ ಅನ್ನುವ ಪ್ರೋಗ್ರಾಮರ್ ಇಟ್ಟ ಹೆಸರು. ಅವರೇ ಆಮೇಲೆ ಹೇಳಿದ ಎಚ್ಚರಿಕೆ ನನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಖಾಸಗಿ ಮಾಹಿತಿ ಓದುವುದು, ಹೊರಗಿನವರ ಬರಹ ಓದುವುದು, ಹೊರಗೆ ಮಾಹಿತಿ ಕಳಿಸುವುದು. ಈ ಮೂರೂ ಒಂದೇ ಅಸಿಸ್ಟೆಂಟ್ ಕೈಯಲ್ಲಿ ಸೇರಿದರೆ ಅಪಾಯ. ನನ್ನ ಸರ್ವರ್ ಓದುತ್ತದೆ ಅಷ್ಟೇ. ಬರೆಯುವ ಟೂಲೇ ಅದರಲ್ಲಿಲ್ಲ, ಹೊರಗೆ ಕಳಿಸುವುದಂತೂ ಇಲ್ಲವೇ ಇಲ್ಲ. ಅಂಕಿ ತುಂಬಿಸುವುದು ನನ್ನ ಕೈಯಿಂದಲೇ. ಇದು ಬೇಕೆಂದೇ ಮಾಡಿದ ತೀರ್ಮಾನ.

ಕೊನೆಯದಾಗಿ ಒಂದು ಸಣ್ಣ ಅನುಕೂಲ. ರಸ್ಟ್ ಕೊಡುವುದು ಒಂದೇ ಫೈಲ್. ಅಪ್ಪನ ಲ್ಯಾಪ್‌ಟಾಪ್‌ಗೆ ಪೈಥಾನ್ ಆವೃತ್ತಿ, ಲೈಬ್ರರಿ ಅಂತೆಲ್ಲ ಹೊಂದಿಸುವ ತಾಪತ್ರಯ ಇಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದೆ, ಕಾಪಿ ಮಾಡಿದೆ, ಮುಗಿಯಿತು. ಪ್ರತಿ ಸರ್ವರೂ ಬೇರೆ ಪ್ರೋಸೆಸ್ ಆಗಿ ಓಡುತ್ತದೆ, ಆದರೆ ರಸ್ಟ್ ಸರ್ವರ್ ಹಿಡಿಯುವ ಮೆಮೊರಿ ಕಡಿಮೆಯಾದ್ದರಿಂದ ನಾಲ್ಕೈದು ಸರ್ವರ್ ಇದ್ದರೂ ಹಳೇ ಲ್ಯಾಪ್‌ಟಾಪ್ ಉಸಿರು ಕಟ್ಟುವುದಿಲ್ಲ.

ಪ್ರಶ್ನೆಗಳು

ಒಬ್ಬರು ಕೇಳಿದರು: ಹಾಗಾದರೆ ಪೈಥಾನ್‌ನಲ್ಲಿ ಬರೆಯುವುದು ತಪ್ಪಾ?

ಖಂಡಿತ ಅಲ್ಲ. ಏನು ಟೂಲ್ ಬೇಕು ಅಂತಲೇ ಇನ್ನೂ ಗೊತ್ತಿಲ್ಲದಿದ್ದರೆ ಪೈಥಾನ್‌ನಲ್ಲೇ ಶುರು ಮಾಡಿ. ದಿನಕ್ಕೆ ಹತ್ತು ಸಲ ಬದಲಾಯಿಸುವ ಹೊತ್ತಿನಲ್ಲಿ ರಸ್ಟ್ ಕಂಪೈಲ್‌ಗೆ ಕಾಯುವುದು ಬೇಸರ. ಅಂಕಿಅಂಶದ ದೊಡ್ಡ ಲೈಬ್ರರಿಗಳು ಬೇಕಾದರೂ ಪೈಥಾನೇ ಸರಿ. ನನ್ನ ಸರ್ವರ್‌ನ ಆಕಾರ ಗಟ್ಟಿಯಾದದ್ದು ಆ ಪೈಥಾನ್ ಆವೃತ್ತಿಯಿಂದಲೇ. ಬೇರೆಯವರು ನಂಬಿ ಬಳಸುತ್ತಾರೆ ಅಂತಾದಾಗ ರಸ್ಟ್‌ಗೆ ತಂದೆ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ: ಮೇಡಂ, ನಾನು ಇಂಟರ್ನ್‌ಶಿಪ್ ಮಾಡುವ ಕಂಪನಿಯಲ್ಲಿ 60 ಎಪಿಐ (ಬೇರೆ ಪ್ರೋಗ್ರಾಂಗಳು ಕರೆಯಬಹುದಾದ ಸೇವೆಗಳು) ಇವೆ. ಎಲ್ಲವನ್ನೂ ಒಂದೊಂದು ಟೂಲ್ ಮಾಡಬಹುದಾ?

ಮಾಡಬಹುದು, ಆದರೆ ಬೇಡ. 60 ವಿವರಣೆಗಳೂ ಮಾಡೆಲ್ ಮುಂದೆ ಸುರಿಯುತ್ತವೆ, ಆರಿಸುವುದರಲ್ಲೇ ಅದು ದಾರಿ ತಪ್ಪುತ್ತದೆ. ಬಳಸುವವರು ಏನು ಕೇಳುತ್ತಾರೆ ಅಂತ ಒಂದು ವಾರ ಕೂತು ಕೇಳಿಸಿಕೊಳ್ಳಿ. ಆ ಪ್ರಶ್ನೆಗಳಿಗೆ ಟೂಲ್ ಮಾಡಿ. ನನ್ನ ಸರ್ವರ್‌ನಲ್ಲಿ ಇರುವುದು ಮೂರೇ.

ಇನ್ನೊಬ್ಬರು: ಈಗ ಎಐ ಕೈಯಲ್ಲೇ ರಸ್ಟ್ ಕೋಡ್ ಬರೆಸಬಹುದಲ್ವಾ?

ನಾನೂ ಬರೆಸುತ್ತೇನೆ. ಕಂಪೈಲರ್ ಬಿಗಿಯಾಗಿರುವುದು ಅಲ್ಲೂ ಅನುಕೂಲ, ಎಐ ಬರೆದ ಎಷ್ಟೋ ತಪ್ಪನ್ನು ಅದೇ ಹಿಡಿಯುತ್ತದೆ. ಆದರೆ ಒಂದು ವಿಷಯ ಗಮನವಿಟ್ಟು ನೋಡಿ. ಆಪ್ಷನ್ ಬಿಚ್ಚಲು ಕಷ್ಟವಾದಾಗ ಎಐ ಅನ್‌ರ್ಯಾಪ್ ಆರ್ ಡಿಫಾಲ್ಟ್ (ಖಾಲಿ ಇದ್ದರೆ ಮಾಮೂಲಿ ಬೆಲೆ ತೆಗೆದುಕೋ) ಅಂತ ಹಾಕಿ ಮುಂದೆ ಹೋಗಬಹುದು. ಸಂಖ್ಯೆಗೆ ಡಿಫಾಲ್ಟ್ ಅಂದರೆ 0. ಅಂದರೆ ನಾನು ಮೊದಲು ಹೇಳಿದ ಅದೇ ಸೊನ್ನೆ, ರಸ್ಟ್‌ನಲ್ಲೂ ವಾಪಸ್ ಬಂತು. ವ್ಯತ್ಯಾಸ ಏನೆಂದರೆ ಇಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಬರೆದಿರುತ್ತದೆ. ಫೈಲಿನಲ್ಲಿ ಆ ಪದ ಹುಡುಕಿದರೆ ಸಿಗುತ್ತದೆ. ಎಐ ಬರೆದ ಕೋಡ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಅದನ್ನೇ.

ಕೊನೆಗೆ ಮುಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: ನಿಮ್ಮ ತಂದೆಯವರು ಈಗಲೂ ಅದನ್ನು ಬಳಸ್ತಾರಾ?

ಬಳಸ್ತಾರೆ ಸರ್. ಪೇಪರ್ ಓದುವುದನ್ನೂ ಬಿಟ್ಟಿಲ್ಲ, ಎರಡನ್ನೂ ತಾಳೆ ನೋಡುತ್ತಾರೆ. ಹೋದ ವಾರ ನಾನು ಊರಿಂದೂರಿಗೆ ಓಡಾಡುತ್ತ ಎರಡು ದಿನ ಅಂಕಿ ತುಂಬಿಸಿರಲಿಲ್ಲ. ಬೆಳಗ್ಗೆ ಏಳಕ್ಕೆ ಅಪ್ಪನ ಫೋನ್ ಬಂತು. "ಅವ್ವಾ, ಶನಿವಾರದಿಂದ ಈಚೆಗೆ ಲೆಕ್ಕ ಇಲ್ಲ ಅಂತದೆ ಇದು. ಪೇಪರ್ ನನ್ ಕೈಲದೆ, ಹೇಳ್ತೀನಿ, ಬರ್ಕೊ."